‘ಕಿನ್ಸ್‌ಮೆನ್’: ಕೇಳಿ ಬಂದ ನೆಂಟಸ್ತನ

ರುದ್ರೇಶ, ಮಹಾಂತಪ್ಪ: ಎರಡೂ ನಮ್ಮ ಬೀದರ್, ಭಾಲ್ಕಿ, ಔರಾದ್ ಕಡೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಸಿಗಬಹುದಾದ ಹೆಸರುಗಳು. ಆದರೆ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಹೆಸರಿನ ಜೊತೆಗೇ ರಾಗ ಬರುವುದಿಲ್ಲವಲ್ಲ. ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿ ಗೋಪಾಲನಾಥರ ಧ್ವನಿಮುದ್ರಿಕೆಯಿಂದ ಅವರ ಹೊಸ ಹುಡುಕಾಟ ಶುರುವಾಯಿತು. ಮುಂದೆ ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’, ಅಂದರೆ ‘ನೆಂಟರು’, 2008ರಲ್ಲಿ ಹೊರಬಂತು.

ಇಬ್ಬರ ಕೈಯಲ್ಲೂ ಆಲ್ಟೊ ಸ್ಯಾಕ್ಸೊಫೋನೇ. ನಾಗಸ್ವರದ ಮನೆಯಿಂದ ಬಂದ ಕದ್ರಿಯವರು ಗಮಕದಲ್ಲಿ ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ಮಹಾಂತಪ್ಪ ಅದನ್ನು ಅನುಕರಿಸದೆ, ಚೂಪಾದ, ಅವಸರದ ಜಾಝ್ ಮಾತಿನಲ್ಲೇ ಉತ್ತರಿಸುತ್ತಾರೆ. ‘ಫ್ಯೂಷನ್’ ಹೆಸರಿನ ಎಷ್ಟೋ ಸಂಗೀತದಲ್ಲಿ ನಮ್ಮ ವಾದ್ಯಗಳು ಬರೀ ಒಗ್ಗರಣೆಗೆ. ಇಲ್ಲಿ ಮೃದಂಗ, ಡ್ರಮ್ಸ್ ಎರಡಕ್ಕೂ ಸಮಪಾಲು.

ಕದ್ರಿಯವರಾದರೂ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಪರದೇಶಿ ವಾದ್ಯಕ್ಕೆ ಮನಸೋತು, ವರ್ಷಗಟ್ಟಲೆ ದುಡಿದು ಅದನ್ನು ತಮ್ಮದಾಗಿಸಿಕೊಂಡವರು. ಒಬ್ಬರಿಗೆ ವಾದ್ಯ ಹೊರಗಿನದು, ಇನ್ನೊಬ್ಬರಿಗೆ ರಾಗ. ಹುಟ್ಟಿನಿಂದ ಸಿಗದದ್ದನ್ನು ಇಬ್ಬರೂ ಕೇಳಿ, ಕಲಿತು ಪಡೆದರು. ಆಲ್ಬಂನ ಹೆಸರು ಒಪ್ಪುವುದು ಅದಕ್ಕೇ.