ಕೊಳ್ಳುವ ಕೈಯ ಅರಿವು

2024ರ ಆಗಸ್ಟ್ 24ರಂದು ನಾಸಾದ ಅಂದಿನ ಮುಖ್ಯಸ್ಥ ಬಿಲ್ ನೆಲ್ಸನ್ ಒಂದು ತೀರ್ಮಾನ ಪ್ರಕಟಿಸಿದರು. ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅದೇ ನೌಕೆಯಲ್ಲಿ ಮರಳುವುದಿಲ್ಲ. ಅದು ಖಾಲಿಯಾಗಿ ಭೂಮಿಗಿಳಿಯುತ್ತದೆ, ಅವರಿಬ್ಬರೂ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್‌ನಲ್ಲಿ ಬರುತ್ತಾರೆ. ನೌಕೆ ಸುರಕ್ಷಿತ ಎಂಬುದು ಬೋಯಿಂಗ್‌ನ ನಿಲುವಾಗಿತ್ತು. ಸೆಪ್ಟೆಂಬರ್ ಮೊದಲ ವಾರ ಸ್ಟಾರ್‌ಲೈನರ್ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಕ್ಷೇಮವಾಗಿ ಇಳಿದೂ ಇಳಿಯಿತು. ಹಾಗಿದ್ದರೂ ನಾಸಾದ ತೀರ್ಮಾನ ಸರಿಯಾಗಿತ್ತೆಂದೇ ನಾನು ತಿಳಿದಿದ್ದೇನೆ. ಹೋಗುವಾಗ ಹೀಲಿಯಂ ಸೋರಿತ್ತು, ನಿಲ್ದಾಣ ಸಮೀಪಿಸುತ್ತಿದ್ದಂತೆ ಐದು ಥ್ರಸ್ಟರುಗಳು ಕೈಕೊಟ್ಟಿದ್ದವು, ಕಾರಣ ಪೂರ್ತಿಯಾಗಿ ತಿಳಿದಿರಲಿಲ್ಲ. ಕಂಡ ದೋಷವನ್ನು ಬಗೆಹರಿಸದೆ ಜನರನ್ನು ಕೂರಿಸಿದ್ದರಿಂದಲೇ 1986ರಲ್ಲಿ ಚಾಲೆಂಜರ್, 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನಾಶವಾದವು. ನೆಲ್ಸನ್ ಅಂದು ಆ ಎರಡು ದುರಂತಗಳನ್ನೂ ನೆನೆದರು.

ಬಾಹ್ಯಾಕಾಶ ಯಾನ ಸರ್ಕಾರಿ ಸಂಸ್ಥೆಗಳ ಕೈಯಿಂದ ಖಾಸಗಿ ಕಂಪನಿಗಳ ಕೈಗೆ ಹೋಗುತ್ತಿರುವುದರ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತವೆ. ಸರ್ಕಾರ ಹತ್ತು ವರ್ಷದಲ್ಲಿ ಮಾಡದ್ದನ್ನು ಕಂಪನಿ ಎರಡು ವರ್ಷದಲ್ಲಿ ಮಾಡುತ್ತದೆ ಎಂಬ ಸಂಭ್ರಮ ಒಂದು. ಆಕಾಶವೂ ಶ್ರೀಮಂತರ ಪಾಲಾಯಿತಲ್ಲ ಎಂಬ ಸಂಕಟ ಇನ್ನೊಂದು. ಆಗಸ್ಟ್ 24ರ ತೀರ್ಮಾನ ಈ ಎರಡಕ್ಕೂ ಹೊಂದುವುದಿಲ್ಲ. ಅಂದು ಎರಡೂ ನೌಕೆಗಳು ಖಾಸಗಿಯವೇ. ಒಂದರ ಮಾತನ್ನು ನಂಬದಿರುವ ಅರಿವು, ಇನ್ನೊಂದರತ್ತ ಕೈಚಾಚುವ ಅವಕಾಶ ಮಾತ್ರ ಸರ್ಕಾರಿ ಸಂಸ್ಥೆಯದಾಗಿದ್ದವು. ಅಮೆರಿಕದ ಈ ಪ್ರಯೋಗದಲ್ಲಿ ಗೆದ್ದದ್ದು ಎಲ್ಲಿ, ಸೋತದ್ದು ಎಲ್ಲಿ ಎಂದು ನೋಡಬೇಕಾದರೆ ಕಂಪನಿಗಳಿಗಿಂತ ಹೆಚ್ಚಾಗಿ ಅವುಗಳಿಂದ ಕೊಂಡವರನ್ನು ನೋಡಬೇಕು.

ಖಾಸಗಿಯವರು ಈ ಕ್ಷೇತ್ರಕ್ಕೆ ಹೊಸಬರು ಎಂಬುದೇ ಅರ್ಧ ಸತ್ಯ. ಚಂದ್ರನ ಮೇಲಿಳಿದ ನೌಕೆಯನ್ನು ಕಟ್ಟಿದ್ದು ಗ್ರಮ್ಮನ್ ಕಂಪನಿ. ಸ್ಯಾಟರ್ನ್-5 ರಾಕೆಟ್ಟಿನ ಮೊದಲ ಹಂತ ಇದೇ ಬೋಯಿಂಗ್‌ನದು. ಬದಲಾದದ್ದು ಗುತ್ತಿಗೆಯ ಬಗೆ. ನಮ್ಮಲ್ಲಿ ಮನೆ ಕಟ್ಟಿಸಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ. ಸಾಮಾನು, ಕೂಲಿ ಎಷ್ಟಾಯಿತೋ ಅಷ್ಟನ್ನು ಕೊಟ್ಟು ಮೇಲೆ ಮೇಸ್ತ್ರಿಗೆ ಇಷ್ಟು ಎನ್ನುವುದು ಒಂದು. ಚದರಕ್ಕೆ ಇಷ್ಟು ಎಂದು ಮೊದಲೇ ಮಾತಾಡಿ, ಕೊನೆಗೆ ಬೀಗದ ಕೈ ಇಸಿದುಕೊಳ್ಳುವುದು ಇನ್ನೊಂದು. ಅಪೊಲೊ ಕಾಲದಿಂದ ನಾಸಾ ನಡೆದದ್ದು ಮೊದಲ ದಾರಿಯಲ್ಲಿ. ಯಾರೂ ಮಾಡಿರದ ಕೆಲಸಕ್ಕೆ ಬೆಲೆ ಹೇಳುವವರು ಯಾರು? ಅಂದು ಆ ದಾರಿ ನ್ಯಾಯವಾದದ್ದೇ. ಆದರೆ ಕಕ್ಷೆಗೆ ಹೋಗಿಬರುವುದು ರೂಢಿಯಾದ ಮೇಲೂ ಅದೇ ಮುಂದುವರಿಯಿತು. ತಡವಾದಷ್ಟೂ ಕಂಪನಿಗೆ ಆದಾಯ ಎಂಬ ಸ್ಥಿತಿ ಬಂತು. ಇದಕ್ಕೆ ಇಂದೂ ಕಣ್ಣೆದುರಿಗಿರುವ ಸಾಕ್ಷಿ ನಾಸಾದ ಎಸ್‌ಎಲ್‌ಎಸ್ ರಾಕೆಟ್. ಬಾಹ್ಯಾಕಾಶ ಷಟಲ್‌ನ ಹಳೆಯ ಎಂಜಿನ್‌ಗಳನ್ನೇ ಹೊತ್ತು ಸಾಗುವ ಅದರ ಮತ್ತು ಒರೈಯನ್ ನೌಕೆಯ ಒಂದು ಹಾರಾಟಕ್ಕೆ ಸುಮಾರು 410 ಕೋಟಿ ಡಾಲರ್ ತಗಲುತ್ತದೆ ಎಂದು 2022ರಲ್ಲಿ ನಾಸಾದ ಸ್ವಂತ ಇನ್‌ಸ್ಪೆಕ್ಟರ್ ಜನರಲ್ ಅಮೆರಿಕದ ಸಂಸತ್ತಿಗೆ ಹೇಳಿದರು.

ಎರಡನೆಯ ದಾರಿ ತೆರೆದದ್ದು 2006ರಲ್ಲಿ, ನಿಲ್ದಾಣಕ್ಕೆ ಸರಕು ಸಾಗಿಸುವ ಚಿಕ್ಕ ಕೆಲಸದಿಂದ. ಏನು ಬೇಕು ಎಂದಷ್ಟೇ ನಾಸಾ ಹೇಳಿತು. ಹೇಗೆ ಕಟ್ಟಬೇಕೆಂಬುದನ್ನು ಕಂಪನಿಗೆ ಬಿಟ್ಟಿತು. ಹೆಜ್ಜೆ ಹೆಜ್ಜೆಗೆ ಗುರಿ ಮುಟ್ಟಿದರೆ ಹಣ, ಇಲ್ಲವಾದರೆ ಇಲ್ಲ. ಮೊದಲು ಆಯ್ಕೆಯಾದ ಎರಡು ಕಂಪನಿಗಳಲ್ಲಿ ರಾಕೆಟ್‌ಪ್ಲೇನ್ ಕಿಸ್ಲರ್ ಹಣ ಹೊಂದಿಸಲಾಗದೆ ಮರುವರ್ಷವೇ ಹೊರಬಿತ್ತು. ಇನ್ನೊಂದಾದ ಸ್ಪೇಸ್‌ಎಕ್ಸ್‌ನ ಪುಟ್ಟ ರಾಕೆಟ್ ಫಾಲ್ಕನ್-1 ಮೂರು ಸಲ ಸೋತು, 2008ರ ಸೆಪ್ಟೆಂಬರ್‌ನಲ್ಲಿ ನಾಲ್ಕನೆಯ ಯತ್ನದಲ್ಲಿ ಕಕ್ಷೆ ಸೇರಿತು. ಕಂಪನಿ ದಿವಾಳಿಯ ಅಂಚಿನಲ್ಲಿದ್ದಾಗ, ಅದೇ ಡಿಸೆಂಬರ್‌ನಲ್ಲಿ ನಾಸಾ 160 ಕೋಟಿ ಡಾಲರ್‌ಗಳ ಸರಕು ಗುತ್ತಿಗೆ ಕೊಟ್ಟಿತು. ಫಾಲ್ಕನ್-9 ರಾಕೆಟ್ಟನ್ನು ರೂಪಿಸಲು ಕಂಪನಿಗೆ ಆದ ವೆಚ್ಚ ಸುಮಾರು 30 ಕೋಟಿ ಡಾಲರ್. ಹಳೆಯ ದಾರಿಯಲ್ಲಿ ಅದೇ ರಾಕೆಟ್ ಕಟ್ಟಿದ್ದರೆ ಸುಮಾರು 400 ಕೋಟಿ ಆಗುತ್ತಿತ್ತು ಎಂದು ನಾಸಾದ ಲೆಕ್ಕಾಚಾರವೇ ಹೇಳಿತು. ಈ ಅಂತರದ ಮುಂದೆ ಹಳೆಯ ಪದ್ಧತಿಯನ್ನು ಸಮರ್ಥಿಸುವುದು ನನ್ನಿಂದಾಗದು. ನೀಲ್ ಆರ್ಮ್‌ಸ್ಟ್ರಾಂಗ್, ಜೀನ್ ಸರ್ನನ್‌ರಂಥವರು 2010ರಲ್ಲಿ ಈ ಹೊಸ ನೀತಿಯನ್ನು ಬಹಿರಂಗವಾಗಿ ವಿರೋಧಿಸಿದ್ದರು. ಅವರ ಕಳಕಳಿ ದೊಡ್ಡದು, ಆದರೆ ಈ ವಿಷಯದಲ್ಲಿ ಕಾಲ ಅವರ ಪರ ನಿಲ್ಲಲಿಲ್ಲ.

ಹಾಗೆಂದು ಈ ಯಶಸ್ಸು ಯಾವುದೋ ಗ್ಯಾರೇಜಿನಲ್ಲಿ ಹುಟ್ಟಿದ್ದೆಂದು ಹೇಳುವುದು ಅನ್ಯಾಯ. ಡ್ರ್ಯಾಗನ್ ಮೈಯ ಶಾಖಕವಚದ ಮೂಲ ನಾಸಾದ ಏಮ್ಸ್ ಕೇಂದ್ರ ರೂಪಿಸಿದ ಪೈಕಾ ಎಂಬ ವಸ್ತು; ಧೂಮಕೇತುವಿನ ಧೂಳು ಹೊತ್ತು ಬಂದ ಸ್ಟಾರ್‌ಡಸ್ಟ್ ನೌಕೆಯನ್ನು ಕಾಪಾಡಿದ್ದೂ ಅದೇ. ಮರ್ಲಿನ್ ಎಂಜಿನ್ ಇಂಧನ ಚಿಮ್ಮಿಸುವ ವಿಧಾನ ಅಪೊಲೊ ಚಂದ್ರನೌಕೆಯ ಎಂಜಿನ್‌ನಲ್ಲಿ ಪಳಗಿದ್ದು. ಅರ್ಧ ಶತಮಾನ ಅಮೆರಿಕದ ತೆರಿಗೆದಾರರು ಹಣ ಸುರಿದು ಬೆಳೆಸಿದ ವಿದ್ಯೆಯನ್ನು ಕಂಪನಿ ಚುರುಕಾಗಿ ಕಲಿತು, ಅದರ ಮೇಲೆ ತನ್ನದನ್ನು ಕಟ್ಟಿತು. ತನ್ನದು ಎನ್ನುವಂಥದ್ದೂ ಇತ್ತು. 2015ರ ಡಿಸೆಂಬರ್‌ನಲ್ಲಿ ಕಕ್ಷೆಗೆ ಉಪಗ್ರಹಗಳನ್ನು ಕಳಿಸಿ ಹಿಂತಿರುಗಿದ ಫಾಲ್ಕನ್ ಫ್ಲಾರಿಡಾದಲ್ಲಿ ನೆಟ್ಟಗೆ ಇಳಿಯಿತಲ್ಲ, ಅದನ್ನು ನಾಸಾ ಕೇಳಿರಲಿಲ್ಲ. ಆ ಹಟ, ಆ ಧೈರ್ಯ ಕಂಪನಿಯದೇ.

2014ರಲ್ಲಿ ಮನುಷ್ಯರನ್ನು ಒಯ್ಯುವ ಗುತ್ತಿಗೆ ಬಂದಾಗ ನಾಸಾ ಇಬ್ಬರನ್ನು ಆರಿಸಿತು. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಅಂದು ಬಹುಮಂದಿ ನಂಬಿದ್ದು ಬೋಯಿಂಗನ್ನು. ನಡೆದದ್ದು ತಿರುಗುಮುರುಗು. 2020ರ ಮೇ 30ರಂದು ಡ್ರ್ಯಾಗನ್ ಇಬ್ಬರನ್ನು ಹೊತ್ತು ಹೊರಟಿತು. ರಷ್ಯಾದ ಸೋಯುಜ್‌ನಲ್ಲಿ ಒಂದು ಸೀಟಿಗೆ ಸುಮಾರು 9 ಕೋಟಿ ಡಾಲರ್ ತೆರುವವರೆಗೆ ಏರಿದ್ದ ಅಮೆರಿಕದ ಪರಾವಲಂಬನೆ ಮುಗಿಯಿತು. ಸ್ಟಾರ್‌ಲೈನರ್ 2019ರ ಡಿಸೆಂಬರ್‌ನಲ್ಲಿ ಜನರಿಲ್ಲದೆ ಹಾರಿ, ಅದರ ಗಡಿಯಾರ 11 ಗಂಟೆ ತಪ್ಪಾಗಿದ್ದರಿಂದ ನಿಲ್ದಾಣ ಮುಟ್ಟಲಾಗದೆ ಮರಳಿತು.

ಈ ಭಾಗದಲ್ಲಿ ಕೊಂಚ ನಿಲ್ಲಬೇಕು. ಡ್ರ್ಯಾಗನ್ ಕೂಡ ನಿರ್ದೋಷಿಯಾಗಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಅದರ ಒಂದು ನೌಕೆ ನೆಲದ ಮೇಲಿನ ಪರೀಕ್ಷೆಯಲ್ಲಿ ಸ್ಫೋಟಗೊಂಡು ಚೂರಾಯಿತು. ಒಂದು ಕವಾಟದಲ್ಲಿ ನುಸುಳಿದ ದ್ರವ ಕಾರಣವೆಂದು ಪತ್ತೆಯಾಯಿತು, ಕವಾಟ ತೆಗೆದು ಬೇರೆ ವ್ಯವಸ್ಥೆ ಮಾಡಲಾಯಿತು. ನಾಸಾದ ಎಂಜಿನಿಯರುಗಳು ಉದ್ದಕ್ಕೂ ಜೊತೆಗಿದ್ದರು. ಬೋಯಿಂಗ್ ವಿಷಯದಲ್ಲಿ ಹಾಗಾಗಲಿಲ್ಲ. ಹೊಸ ಬಗೆಯಲ್ಲಿ ಕೆಲಸ ಮಾಡುತ್ತಿದ್ದ ಸ್ಪೇಸ್‌ಎಕ್ಸ್ ಮೇಲೆ ಕಣ್ಣು ನೆಟ್ಟಿದ್ದ ತಾವು ಹಳಬರಾದ ಬೋಯಿಂಗ್‌ನ ತಂತ್ರಾಂಶದತ್ತ ಬೇಕಾದಷ್ಟು ಗಮನ ಕೊಡಲಿಲ್ಲ ಎಂದು ನಾಸಾದ ಅಧಿಕಾರಿಗಳೇ 2020ರಲ್ಲಿ ಒಪ್ಪಿಕೊಂಡರು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಇದು. ಎರಡೂ ಖಾಸಗಿ ಕಂಪನಿಗಳು, ಎರಡಕ್ಕೂ ಒಂದೇ ಬಗೆಯ ಗುತ್ತಿಗೆ. ಕೊಂಡವರು ಎಲ್ಲಿ ಅನುಮಾನದಿಂದ ಕೆದಕಿ ನೋಡಿದರೋ ಅಲ್ಲಿ ನೌಕೆ ಗಟ್ಟಿಯಾಯಿತು. ಎಲ್ಲಿ ಹಳೆಯ ಪರಿಚಯವನ್ನು ನಂಬಿ ಕೂತರೋ ಅಲ್ಲಿ ದೋಷ ಕಕ್ಷೆಯವರೆಗೂ ಹೋಯಿತು. ಬೋಯಿಂಗ್‌ನ ಒಳಗಿನ ಲೋಪಗಳಿಗೆ ಬೋಯಿಂಗೇ ಹೊಣೆ, ಅದಕ್ಕೆ ಅದು ತನ್ನ ಗಂಟಿನಿಂದ 200 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿದೆ. ಆದರೆ ನಷ್ಟ ಕಂಪನಿಯದು ಎಂದ ಮಾತ್ರಕ್ಕೆ ಕೊಂಡವರ ಕೆಲಸ ಹಗುರವಾಗುವುದಿಲ್ಲ. ಒಳಗೆ ಕೂತಿದ್ದವರು ಅವರ ಜನ.

ನಿಗದಿತ ಬೆಲೆ ಎಂಬ ನಿಯಮವೂ ಒಮ್ಮೆ ಬಾಗಿತು. ಬೋಯಿಂಗ್ ಬಿಟ್ಟುಹೋದೀತೆಂಬ ಭಯದಿಂದ ನಾಸಾ ಅದಕ್ಕೆ 28.7 ಕೋಟಿ ಡಾಲರ್ ಹೆಚ್ಚುವರಿ ಕೊಡಲು ಒಪ್ಪಿತ್ತೆಂದು ಇನ್‌ಸ್ಪೆಕ್ಟರ್ ಜನರಲ್ 2019ರ ವರದಿಯಲ್ಲಿ ಟೀಕಿಸಿದರು. ಟೀಕೆ ಸರಿ. ಆದರೂ ಎರಡನೆಯ ಕಂಪನಿಯನ್ನು ಉಳಿಸಿಕೊಳ್ಳುವ ಆಸೆ ತಪ್ಪೆನ್ನಲಾರೆ. ಎರಡು ಬಾಗಿಲುಗಳು ಇದ್ದದ್ದರಿಂದಲೇ ಸುನೀತಾ ಮತ್ತು ಬುಚ್, ಎಂಟು ದಿನಕ್ಕೆಂದು ಹೋಗಿ 286 ದಿನ ಕಳೆದ ಮೇಲಾದರೂ, 2025ರ ಮಾರ್ಚ್‌ನಲ್ಲಿ ಕ್ಷೇಮವಾಗಿ ಮನೆ ಸೇರಿದರು.

ಈಗ ಆ ಬಾಗಿಲುಗಳಲ್ಲಿ ಒಂದು ಮುಚ್ಚುತ್ತಿದೆ, ನನ್ನ ತಕರಾರು ಇಲ್ಲಿ. ಮನುಷ್ಯರನ್ನು ನಿಲ್ದಾಣಕ್ಕೆ ಒಯ್ಯಲು ಅಮೆರಿಕದ ಬಳಿ ನೆಚ್ಚಬಹುದಾದ ನೌಕೆ ಒಂದೇ. ನಿಲ್ದಾಣದ ಆಯುಸ್ಸು ಮುಗಿದ ಮೇಲೆ ಅದನ್ನು ಸಾಗರಕ್ಕೆ ಇಳಿಸುವ ವಾಹನದ ಗುತ್ತಿಗೆಯೂ ಅದೇ ಸ್ಪೇಸ್‌ಎಕ್ಸ್‌ಗೆ ಹೋಗಿದೆ. 2021ರಲ್ಲಿ ಚಂದ್ರನ ಮೇಲೆ ಜನರನ್ನು ಇಳಿಸುವ ಗುತ್ತಿಗೆಯೂ ಮೊದಲು ಅದಕ್ಕೇ ಸಿಕ್ಕಿತು. ಬ್ಲೂ ಒರಿಜಿನ್‌ಗೆ ಎರಡನೆಯ ಗುತ್ತಿಗೆ ಸಿಗಲು 2023 ಬರಬೇಕಾಯಿತು. 2025ರ ಜೂನ್ 5ರಂದು ಅಧ್ಯಕ್ಷ ಟ್ರಂಪ್ ಜೊತೆಗಿನ ಜಗಳದ ಬಿಸಿಯಲ್ಲಿ ಇಲಾನ್ ಮಸ್ಕ್ ಡ್ರ್ಯಾಗನ್ ಸೇವೆಯನ್ನೇ ನಿಲ್ಲಿಸುವುದಾಗಿ ಸಾಮಾಜಿಕ ಜಾಲತಾಣದಲ್ಲಿ ಬರೆದರು. ಕೆಲವೇ ಗಂಟೆಗಳಲ್ಲಿ ಮಾತು ಹಿಂತೆಗೆದುಕೊಂಡರು, ನಿಜ. ಆದರೆ ನಿಲ್ದಾಣದಲ್ಲಿರುವವರ ಮರುಪ್ರಯಾಣ ಒಬ್ಬ ಮಾಲೀಕನ ಕೋಪತಾಪಕ್ಕೆ ಸಿಕ್ಕಿಕೊಳ್ಳಬಹುದು ಎಂಬುದು ಅಂದು ಬಯಲಾಯಿತು. ಸರ್ಕಾರಿ ಸಂಸ್ಥೆಗಳು ನಿಧಾನ, ದುಬಾರಿ, ಜಡ ಎಂಬ ದೂರುಗಳನ್ನೆಲ್ಲ ಒಪ್ಪೋಣ. ಈ ಒಂದು ದೋಷ ಮಾತ್ರ ಅವಕ್ಕಿರಲಿಲ್ಲ.

ಲಾಭ ಕಾಣದ ಕಡೆ ಕಂಪನಿಗಳು ನಿಲ್ಲುವುದೂ ಇಲ್ಲ. ಹೊಸ ಬಾಹ್ಯಾಕಾಶ ಉಡುಪು ಒದಗಿಸಲು 2022ರಲ್ಲಿ ನಾಸಾ ಆರಿಸಿದ್ದ ಎರಡು ಕಂಪನಿಗಳಲ್ಲಿ ಕಾಲಿನ್ಸ್ 2024ರಲ್ಲಿ ಹಿಂದೆ ಸರಿಯಿತು. ಯಾತ್ರಿಕರ ರಕ್ಷಣೆಯ ಕಾನೂನಂತೂ ಇನ್ನೂ ಬಂದೇ ಇಲ್ಲ. ಖಾಸಗಿ ನೌಕೆಗಳಲ್ಲಿ ಹೋಗುವವರ ಸುರಕ್ಷತೆಗೆ ಸರ್ಕಾರ ನಿಯಮ ವಿಧಿಸಬಾರದು, ಉದ್ಯಮ ಇನ್ನೂ ಕಲಿಯುತ್ತಿದೆ ಎಂದು 2004ರಲ್ಲಿ ಅಮೆರಿಕದ ಸಂಸತ್ತು ತಡೆ ಹಾಕಿತು. ಆ ತಡೆ ಬೆಳೆಯುತ್ತ ಬೆಳೆಯುತ್ತ 2028ರವರೆಗೆ ಬಂದಿದೆ. ಅಪಾಯ ಗೊತ್ತಿದೆ ಎಂದು ಪ್ರಯಾಣಿಕರು ಸಹಿ ಹಾಕಿದರೆ ಸಾಕು. ಇಪ್ಪತ್ತು ವರ್ಷ ಮೀರಿದ ಉದ್ಯಮವನ್ನು ಕಲಿಯುವ ಮಗುವೆಂದು ಇನ್ನೂ ಕರೆಯುವುದು ಸಲ್ಲದು.

ನಮಗೆ ಇದರಲ್ಲಿ ನೇರ ಪಾಲಿದೆ. 2025ರ ಜೂನ್‌ನಲ್ಲಿ ಭಾರತದ ಶುಭಾಂಶು ಶುಕ್ಲಾ ಆಕ್ಸಿಯಮ್ ಎಂಬ ಖಾಸಗಿ ಕಂಪನಿಯ ಯಾತ್ರೆಯಲ್ಲಿ, ಸ್ಪೇಸ್‌ಎಕ್ಸ್‌ನ ನೌಕೆಯಲ್ಲಿ ನಿಲ್ದಾಣಕ್ಕೆ ಹೋದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ, ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆಸುವ ಪ್ರಯೋಗವೂ ಅವರೊಂದಿಗೆ ಹೋಯಿತು. ಹೊರಡುವ ಮುನ್ನ ನಡೆದ ಪರೀಕ್ಷೆಯಲ್ಲಿ ಫಾಲ್ಕನ್‌ನ ಬೂಸ್ಟರಿನಲ್ಲಿ ದ್ರವ ಆಮ್ಲಜನಕ ಸೋರುತ್ತಿದ್ದುದು ಕಂಡುಬಂತು. ಸೋರಿಕೆ ಸರಿಪಡಿಸಿ, ಮತ್ತೆ ಪರೀಕ್ಷಿಸಿದ ಮೇಲೆಯೇ ಉಡಾವಣೆ ಎಂದು ಅಲ್ಲಿದ್ದ ಇಸ್ರೋ ತಂಡ ಪಟ್ಟುಹಿಡಿಯಿತು; ಜೂನ್ 11ರ ಉಡಾವಣೆ ಮುಂದೆ ಹೋಗಿ 25ಕ್ಕೆ ನಡೆಯಿತು. ಹಣ ಕೊಟ್ಟ ಗಿರಾಕಿಗಳೆಲ್ಲ ಹೀಗೆ ಪಟ್ಟುಹಿಡಿಯಲಾರರು. ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಕ್ರಯೋಜೆನಿಕ್ ಎಂಜಿನ್‌ಗಳ ಕೆಲಸದಲ್ಲೇ ಬೆಳೆದವರು. ದ್ರವ ಆಮ್ಲಜನಕ ಸೋರಿದರೆ ಏನಾದೀತೆಂಬುದು ಅವರಿಗೆ ಓದಿ ತಿಳಿದ ವಿಷಯವಲ್ಲ.

ನಮ್ಮಲ್ಲೂ ಈ ಕೈ ಬದಲಾವಣೆ ಶುರುವಾಗಿದೆ. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನವನ್ನು ಬೆಂಗಳೂರಿನ ಎಚ್‌ಎಎಲ್ 511 ಕೋಟಿ ರೂಪಾಯಿಗೆ ಪಡೆದಿದೆ. ಎಚ್‌ಎಎಲ್ ಸರ್ಕಾರಿ ಉದ್ಯಮವೇ ಆದರೂ ಅದರೆದುರು ಬಿಡ್ ಮಾಡಿದವರಲ್ಲಿ ಖಾಸಗಿಯವರೂ ಇದ್ದರು, ಮುಂದಿನ ರಾಕೆಟ್‌ಗಳು ಅವರ ಪಾಲಾಗಬಹುದು. ಆಗಲಿ; ಹಾರಿ ಪಳಗಿದ ರಾಕೆಟ್ಟನ್ನು ವಿಜ್ಞಾನಿಗಳೇ ಮತ್ತೆ ಮತ್ತೆ ಜೋಡಿಸುತ್ತ ಕೂರುವುದು ಅವರ ವಿದ್ಯೆಗೆ ತಕ್ಕ ಕೆಲಸವಲ್ಲ. ಎಚ್‌ಎಎಲ್ ಜನರಿಗೆ 24 ತಿಂಗಳ ಅವಧಿಯಲ್ಲಿ ತರಬೇತಿ ಕೊಟ್ಟು, ಎರಡು ಉಡಾವಣೆಗಳಿಗೆ ಇಸ್ರೋ ಜೊತೆಗಿದ್ದು ಮಾರ್ಗದರ್ಶನ ಮಾಡುತ್ತದೆ ಎಂದು ಒಪ್ಪಂದವಾಗಿದೆ. ಕಲಿಸುವವರ ಪಾಲಿಗೆ ಒಪ್ಪಂದ ಅಲ್ಲಿಗೆ ಮುಗಿಯುತ್ತದೆ. ಮೂರನೆಯ ರಾಕೆಟ್ ಶ್ರೀಹರಿಕೋಟದಲ್ಲೋ ಕುಲಶೇಖರಪಟ್ಟಣದಲ್ಲೋ ನಿಂತಾಗ ಅದನ್ನು ಬಿಚ್ಚಿ ನೋಡುವ ಹಕ್ಕು, ನೋಡಿದರೆ ತಿಳಿಯುವ ಜನ ಎರಡೂ ಇಸ್ರೋ ಬಳಿ ಉಳಿದಿರಬೇಕು. ಅದನ್ನು ಈಗಲೇ, ಒಪ್ಪಂದದ ಶಾಯಿ ಆರುವ ಮೊದಲೇ, ಬರೆದಿಟ್ಟುಕೊಳ್ಳಬೇಕು.