ಪುರವರ್ಣನೆಯೂ ಪುರದರ್ಶನವೂ

ಕಿರುಗಾವಲಿನಿಂದ ಬನ್ನೂರಿನ ಮಾರ್ಗವಾಗಿ ಶ್ರೀರಂಗಪಟ್ಟಣವನ್ನು ನೋಡಲು ಹೊರಡುವ ಕಾವ್ಯಾಭ್ಯಾಸಿಯು ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವನ್ನು (1648) ಜೊತೆಗೆ ಒಯ್ಯುವುದು ಒಳ್ಳೆಯದು, ಆದರೆ ಅದನ್ನು ನಗರದ ನಕ್ಷೆಯೆಂದು ಭಾವಿಸತಕ್ಕುದಲ್ಲ. ಪುರವರ್ಣನೆಯು ಅಷ್ಟಾದಶವರ್ಣನೆಗಳಲ್ಲೊಂದು. ಕೋಟೆಯ ಔನ್ನತ್ಯ, ಅಗಳಿನ ಆಳ, ಅಂಗಡಿಬೀದಿಯ ಸಿರಿ ಮೊದಲಾದುವು ಯಾವ ಕಾವ್ಯದ ಯಾವ ಪುರಕ್ಕಾದರೂ ಸಲ್ಲುವ ಮಾತುಗಳಾದುದರಿಂದ, ಅವುಗಳ ಮೇಲೆ ಚರಿತ್ರೆಯನ್ನು ನಿರ್ಣಯಿಸುವುದು ಯುಕ್ತವಲ್ಲ. ಬೇರೊಂದು ಪುರಕ್ಕೆ ಸಲ್ಲದ ಮಾತು ಬಂದಲ್ಲಿ ಮಾತ್ರ ಕವಿಯು ಕಣ್ಣಾರೆ ಕಂಡುದನ್ನು ಹೇಳುತ್ತಿರುವನೆಂದು ತಿಳಿಯಬಹುದು. ರಣಧೀರ ಕಂಠೀರವನ ಮಹಾನವಮಿಯ ವರ್ಣನೆಯು ಇದಕ್ಕೆ ನಿದರ್ಶನ.

ಕಾವ್ಯದ ಮೇರೆಯನ್ನೂ ಅರಿಯಬೇಕು. ಇಂದು ಆ ಕೋಟೆಯೊಳಗೆ ರಂಗನಾಥ, ಗಂಗಾಧರೇಶ್ವರ ದೇವಾಲಯಗಳೂ, ಕಂಠೀರವನ ವಿಗ್ರಹವುಳ್ಳ ನರಸಿಂಹ ದೇವಾಲಯವೂ, ಆದಿನಾಥ ಬಸದಿಯೂ, ಟಿಪ್ಪುಸುಲ್ತಾನನು 1787ರಲ್ಲಿ ಕಟ್ಟಿಸಿದ ಜೋಡಿಮಿನಾರುಗಳ ಮಸೀದಿಯೂ ಕಾಲ್ನಡಿಗೆಯ ದೂರದಲ್ಲಿವೆ. ಮಸೀದಿಯು ಕಾವ್ಯಕ್ಕಿಂತ 139 ವರ್ಷ ಈಚಿನದು. 1799ರ ಮುತ್ತಿಗೆಯಲ್ಲಿ ಒಡೆದ ಗೋಡೆಯೂ ಕವಿಯು ಕಾಣದುದೇ.

ಆದುದರಿಂದ ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಪದ್ಯವನ್ನು ಓದಿಸಿದ ಮೇಲೆ ಬೀದಿಗಳಲ್ಲಿಯೂ ನಡೆಸಬೇಕು. ಪದ್ಯದಲ್ಲಿ ಒಬ್ಬ ಅರಸನ ಪಟ್ಟಣವು ಕಾಣುವುದು. ಹಲವು ಮತಗಳವರಿಗೆ ಪವಿತ್ರವಾದ ಪಟ್ಟಣವನ್ನು ಬೀದಿಯಲ್ಲಿಯೇ ಕಾಣಬೇಕು.