ಯಾಬ್ಬಾ: ಪ್ರೇಕ್ಷಕನಿಗೊಂದು ಪ್ರತಿಮೆ

ಸಿಡ್ನಿ ಕ್ರಿಕೆಟ್ ಮೈದಾನದ ವಿಕ್ಟರ್ ಟ್ರಂಪರ್ ಸ್ಟ್ಯಾಂಡಿನಲ್ಲಿರುವ ಕಂಚಿನ ಪ್ರತಿಮೆ ಆಟಗಾರನದಲ್ಲ, ಆಟ ನೋಡಲು ಬರುತ್ತಿದ್ದವನದು. 1878ರಲ್ಲಿ ಹುಟ್ಟಿದ ಸ್ಟೀಫನ್ ಹೆರಾಲ್ಡ್ ಗ್ಯಾಸ್ಕೊಯಿನ್ ಬೀದಿ ಬೀದಿ ಸುತ್ತಿ ಮೊಲದ ಮಾಂಸ ಮಾರುತ್ತಿದ್ದ. ಜನರ ಬಾಯಲ್ಲಿ ಅವನು ಯಾಬ್ಬಾ. ವ್ಯಾಪಾರದಲ್ಲಿ ಪಳಗಿದ ಗಂಟಲು 'ಹಿಲ್' ಎಂಬ ಹುಲ್ಲುದಿಬ್ಬದಿಂದ ಇಡೀ ಮೈದಾನಕ್ಕೆ ಕೇಳುತ್ತಿತ್ತು.

ಆಸ್ಟ್ರೇಲಿಯಾ ಬ್ಯಾಟರ್‌ಗಳ ಮೈಗೆ ಗುರಿಯಿಟ್ಟು ಇಂಗ್ಲೆಂಡ್ ಚೆಂಡೆಸೆದ ಬಾಡಿಲೈನ್ ಸರಣಿಯಲ್ಲಿ (1932–33) ನೊಣ ಓಡಿಸುತ್ತಿದ್ದ ಇಂಗ್ಲೆಂಡ್ ನಾಯಕ ಜಾರ್ಡಿನ್‌ಗೆ, ನಮ್ಮ ನೊಣಗಳನ್ನಾದರೂ ಬಿಡಪ್ಪ ಎಂದು ಅವನು ಕೂಗಿದನೆಂಬ ಕಥೆ ಜನಜನಿತ. ಕಥೆಗೆ ಬಣ್ಣ ಸೇರಿರಬಹುದು, ಆದರೆ ವರಸೆ ಅವನದೇ: ಕುಟುಕಬೇಕು, ನಗಿಸಲೂಬೇಕು. ಬರೀ ಬೈಗುಳಕ್ಕೆ ಇಂಥ ಆಯುಸ್ಸು ಇರುವುದಿಲ್ಲ. ಎದುರಾಳಿ ತಂಡದ ಜ್ಯಾಕ್ ಹಾಬ್ಸ್ ಕೂಡ ಸಿಡ್ನಿಗೆ ವಿದಾಯ ಹೇಳುವಾಗ ದಿಬ್ಬದವರೆಗೆ ನಡೆದುಹೋಗಿ ಅವನ ಕೈಕುಲುಕಿದರು.

ಯಾಬ್ಬಾ 1942ರ ಜನವರಿಯಲ್ಲಿ ತೀರಿಕೊಂಡ. ದಿಬ್ಬವೂ ಕ್ರಮೇಣ ಕಟ್ಟಡಗಳಡಿ ಮರೆಯಾಯಿತು. ಪ್ರತಿಮೆ ಬಂದದ್ದು 2008ರಲ್ಲಿ. ಶಿಲ್ಪಿ ಕ್ಯಾಥಿ ವೈಸ್‌ಮನ್ ಅವನನ್ನು ಪೀಠದ ಮೇಲೇರಿಸದೆ ಪ್ರೇಕ್ಷಕರ ಆಸನಗಳ ನಡುವೆಯೇ ಇಟ್ಟಿದ್ದಾರೆ. ಬಾಯಿ ತೆರೆದಿದೆ, ಕೈ ಬಾಯಿಯ ಪಕ್ಕದಲ್ಲಿದೆ. ಇದೇ ಮೈದಾನದಲ್ಲಿ ಆಟಗಾರರಾದ ರಿಚಿ ಬೆನೊ, ಸ್ಟೀವ್ ವಾ ಅವರ ಪ್ರತಿಮೆಗಳೂ ಇವೆ. ಒಂದು ರನ್ನೂ ಹೊಡೆಯದೆ ಆ ಸಾಲಿಗೆ ಸೇರಿದವನು ಯಾಬ್ಬಾ.